ಬಾರಕೋಲಿನ ಸಪ್ಪಳ

ಸುಗ್ಗಿ ಮುಗಿದು ಬಿಳಿಜೋಳ ಹಗೇವಿಗೆ ಇಳಿದ ಮೇಲೆ ನಮ್ಮ ಓಣಿಗೆ ದುರಗಮುರಗಿಯವರು ಬರುತ್ತಿದ್ದರು. ಅವರು ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮೊದಲು ಉರುಮಿಯ ಸಪ್ಪಳ ಬರುತ್ತಿತ್ತು. ಬಾಗಿದ ಕೋಲಿನಿಂದ ಚರ್ಮ ತೀಡಿದಾಗ ಹುಟ್ಟುವ ಗುರುಗುರು ಸದ್ದು ಅದು. ಯಾವುದೋ ದೊಡ್ಡ ಪ್ರಾಣಿ ಅಗಸಿಯ ಆಚೆ ನರಳುತ್ತ ನರಳುತ್ತ ಹತ್ತಿರ ಬರುತ್ತಿದೆ ಎನ್ನಿಸುತ್ತಿತ್ತು. ಆಮೇಲೆ ತಲೆಯ ಮೇಲೆ ಮರಗವ್ವನ ಪೆಟ್ಟಿಗೆ ಹೊತ್ತ ಹೆಣ್ಣುಮಗಳು. ಅವಳ ಹಿಂದೆ ಕೂದಲು ಬಿಟ್ಟು, ಸೊಂಟಕ್ಕೆ ಬಣ್ಣದ ಅರಿವೆ ಸುತ್ತಿ, ಕಾಲಿಗೆ ಗೆಜ್ಜೆ ಕಟ್ಟಿದ ಗಂಡಸು. ಅವನ ಕೈಯಲ್ಲಿ ಬಾರಕೋಲು. ಮನೆಯ ಮುಂದೆ ನಿಂತು, ನಾಲ್ಕು ಹೆಜ್ಜೆ ಕುಣಿದು, ಬಾರಕೋಲು ಬೀಸಿ ತನ್ನ ಮೈಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಛಟೀರ್!

ನಾನು ಪಡಸಾಲಿಯ ಹೊರಸಿನ ಕೆಳಗೆ. ಆಯಿ ಮರದ ತುಂಬ ಜೋಳ ತರುತ್ತ, "ಅಂಜಬ್ಯಾಡ ನನ್ನಪ್ಪಾ, ಕಣ್ಣ ಮುಚ್ಚಿಗೊ" ಎನ್ನುತ್ತಿದ್ದಳು. ಮುಚ್ಚಿಕೊಂಡರೆ ಇನ್ನೂ ಕಷ್ಟವಾಗುತ್ತಿತ್ತು. ಕಣ್ಣು ತೆರೆದಿದ್ದವನಿಗೆ ಬಾರಕೋಲು ಯಾವಾಗ ಮೇಲೆದ್ದಿತು, ಯಾವಾಗ ಬೀಳುತ್ತದೆ ಎಂದಾದರೂ ತಿಳಿಯುತ್ತದೆ. ಕಣ್ಣು ಮುಚ್ಚಿದವನು ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಬೆನ್ನು ಸೆಟೆಸಿಕೊಂಡು ಕಾಯಬೇಕು. ಈಗ ಬಂತು, ಈಗ ಬಂತು ಎಂದು. ಹೊಡೆತ ಬೀಳುತ್ತಿದ್ದುದು ಅವನ ಮೈಗೆ, ಚುರುಗುಡುತ್ತಿದ್ದುದು ನನ್ನ ಬೆನ್ನು.

ದೊಡ್ಡವನಾದ ಮೇಲೆ ಒಂದು ಸಂಗತಿ ಓದಿದೆ. ಬಾರಕೋಲಿನ ಆ ಸದ್ದು ಹುಟ್ಟಲು ಅದು ಯಾವುದಕ್ಕೂ ತಾಗಬೇಕಿಲ್ಲ. ಜೋರಾಗಿ ಬೀಸಿದಾಗ ಅದರ ತುದಿ ಗಾಳಿಯಲ್ಲಿ ಶಬ್ದದ ವೇಗವನ್ನೇ ಮೀರುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ ಹೆಚ್ಚು ವೇಗ. ಆಗ ಗಾಳಿಯೇ ಸಿಡಿಯುತ್ತದೆ. ಆ ಮನುಷ್ಯನ ಮೈಮೇಲಿನ ಬಾಸುಂಡೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವನ ನೋವು ನೋವೇ. ಆದರೆ ಓಣಿಯನ್ನೆಲ್ಲ ನಡುಗಿಸುತ್ತಿದ್ದ ಸಪ್ಪಳ ಖಾಲಿ ಗಾಳಿಯಲ್ಲಿ ಹುಟ್ಟುತ್ತಿತ್ತು ಎಂಬುದು ಬಹಳ ದಿನ ತಲೆಯಲ್ಲಿ ಉಳಿಯಿತು. ಆಮೇಲೆ ಒಂದು ದಿನ ಋತ್ವಿಕ್ ಘಟಕ್ ಅವರ 'ಮೇಘೇ ಢಾಕಾ ತಾರಾ' ನೋಡಿದೆ.

1960ರ ಬಂಗಾಲಿ ಚಿತ್ರ. ದೇಶ ಒಡೆದಾಗ ಪೂರ್ವ ಬಂಗಾಲದಿಂದ ಬಂದು ಕಲ್ಕತ್ತೆಯ ಅಂಚಿನ ನಿರಾಶ್ರಿತರ ಕಾಲೊನಿಯಲ್ಲಿ ಬದುಕುತ್ತಿರುವ ಕುಟುಂಬ. ಹಿರಿಮಗಳು ನೀತಾ ದುಡಿದು ಎಲ್ಲರ ಹೊಟ್ಟೆ ತುಂಬಿಸುತ್ತಾಳೆ, ತಾನು ಸವೆಯುತ್ತಾಳೆ. ತನ್ನವನು ಎಂದು ನಂಬಿದ್ದವನ ಮನೆಗೆ ಹೋದಾಗ ಅವನು ನೀತಾಳ ತಂಗಿಯ ಕಡೆ ತಿರುಗಿದ್ದಾನೆಂದು ಅವಳಿಗೆ ತಿಳಿಯುತ್ತದೆ. ಮೆಟ್ಟಿಲಿಳಿದು ಬರುತ್ತಾಳೆ. ಅಳುವುದಿಲ್ಲ, ಬೈಯುವುದಿಲ್ಲ, ಒಂದು ಮಾತೂ ಇಲ್ಲ. ಆಗ ಕೇಳುತ್ತದೆ, ಬಾರಕೋಲಿನ ಸದ್ದು. ಪರದೆಯ ಮೇಲೆ ಬಾರಕೋಲಿಲ್ಲ, ಹೊಡೆಯುವವರಿಲ್ಲ. ಬರೀ ಇಳಿಯುತ್ತಿರುವ ಒಬ್ಬ ಹೆಣ್ಣುಮಗಳ ಮುಖ, ಮೇಲೆ ಮೇಲೆ ಛಟೀರ್ ಛಟೀರ್. ನನಗೆ ಆ ಕ್ಷಣಕ್ಕೆ ಹೊರಸಿನ ಕೆಳಗಿನ ಧೂಳು ಮೂಗಿಗೆ ಅಡರಿತು. ಕಲ್ಕತ್ತೆಯ ಘಟಕ್ ನಮ್ಮ ಓಣಿಗೆ ಎಂದೂ ಬಂದವರಲ್ಲ. ಆದರೆ ನಮ್ಮ ಮರಗವ್ವನ ಒಕ್ಕಲಿನವರಿಗೆ ಗೊತ್ತಿದ್ದದ್ದು ಅವರಿಗೂ ಗೊತ್ತಿತ್ತು: ಕಾಣದ ಕಡೆಯಿಂದ ಬರುವ ಸದ್ದು ನೋಡುವವನ ಬೆನ್ನನ್ನು ಹುಡುಕಿಕೊಂಡು ಬರುತ್ತದೆ.

ಇಂಥ ಚಿತ್ರಗಳನ್ನು ನಮ್ಮ ಕಡೆ 'ಅವಾರ್ಡ್ ಪಿಕ್ಚರ್' ಎನ್ನುತ್ತಾರೆ. ಸಿಂದಗಿಯ ಟಾಕೀಜಿನಲ್ಲಿ ನಾನು ಒಂದು ಅವಾರ್ಡ್ ಪಿಕ್ಚರನ್ನೂ ನೋಡಿದವನಲ್ಲ. ಅವು ಬಂದದ್ದು ದೂರದರ್ಶನದಿಂದ. ರವಿವಾರ ಮಧ್ಯಾಹ್ನ ಒಂದೂವರೆಗೆ ದಿಲ್ಲಿಯವರು ಬೇರೆ ಬೇರೆ ಭಾಷೆಯ ಪ್ರಶಸ್ತಿ ಚಿತ್ರಗಳನ್ನು ಹಾಕುತ್ತಿದ್ದರು. ಎಷ್ಟೋ ವಾರಕ್ಕೊಮ್ಮೆ ಕನ್ನಡದ ಪಾಳಿ. ಓಣಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಮಾಳಗಿಯ ಮೇಲೆ ಆಂಟೆನಾ, ಗಾಳಿ ಎದ್ದರೆ ಅದನ್ನು ತಿರುಗಿಸಲು ಮೇಲೊಬ್ಬ ಹುಡುಗ. ಪಡಸಾಲಿಯಲ್ಲಿ ಹೆಂಗಸರು, ಮಕ್ಕಳು, ಶೇಂಗಾ ಸುಲಿಯುತ್ತ ಕುಳಿತ ಮುದುಕಿಯರು. ಹಾಗೆ ಒಂದು ರವಿವಾರ ನಾವೆಲ್ಲ 'ಘಟಶ್ರಾದ್ಧ' ನೋಡಿದೆವು.

ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರದು. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕ್ಯಾಮೆರಾ, ಬಿ.ವಿ. ಕಾರಂತರ ಸಂಗೀತ. ಆ ವರ್ಷದ ಸ್ವರ್ಣಕಮಲ ಅದಕ್ಕೆ ಬಂತು. ಸಂಗೀತಕ್ಕೆ ಕಾರಂತರಿಗೂ ರಾಷ್ಟ್ರಪ್ರಶಸ್ತಿ. ಇವೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ಕಂಡದ್ದು ಮಲೆನಾಡಿನ ಒಂದು ಅಗ್ರಹಾರ, ವೇದ ಕಲಿಯಲು ಬಂದ ನಾಣಿ ಎಂಬ ಸಣ್ಣ ಹುಡುಗ, ಅವನನ್ನು ತಮ್ಮನ ಹಾಗೆ ನೋಡಿಕೊಳ್ಳುವ ಯಮುನಕ್ಕ ಎಂಬ ವಿಧವೆ. ಎರಿ ಹೊಲದ ನಮಗೆ ಆ ಕಾಡು, ಆ ಮಡಿ, ಆ ಮಂತ್ರ ಎಲ್ಲವೂ ಪರದೇಶವೇ. ಆದರೂ ಸ್ವಲ್ಪ ಹೊತ್ತಿಗೆ ಶೇಂಗಾ ಸುಲಿಯುವ ಸದ್ದು ನಿಂತಿತು.

ಯಮುನಕ್ಕ ಬಸುರಾಗಿದ್ದಾಳೆ. ಸಾಯಬೇಕೆಂದು ಹಾವಿನ ಹುತ್ತದೊಳಗೆ ಕೈಯಿಡುತ್ತಾಳೆ. ಆ ಚಿತ್ರ ಈಗಲೂ ನನ್ನ ಕಣ್ಣಲ್ಲಿ ಇದೆ. ರಕ್ತವಿಲ್ಲ, ಚೀರಾಟವಿಲ್ಲ, ಮಣ್ಣಿನ ಬಾಯಿ ಮತ್ತು ಒಂದು ಕೈ, ಅಷ್ಟೇ. ಆಮೇಲೆ ಬಸಿರು ತೆಗೆಸುವ ರಾತ್ರಿ. ನನ್ನಲ್ಲಿ ಉಳಿದಿರುವ ಆ ರಾತ್ರಿ ಎಂದರೆ ಕತ್ತಲು, ಬೆಂಕಿಯ ಬೆಳಕು, ನಿಲ್ಲದೆ ಬಡಿಯುವ ಚರ್ಮವಾದ್ಯ ಮತ್ತು ಏನೂ ತಿಳಿಯದೆ ನಡುಗುವ ಒಬ್ಬ ಹುಡುಗ. ಆಗುತ್ತಿರುವುದನ್ನು ತೋರಿಸದೆ ಅದರ ಸುತ್ತಲಿನ ಕತ್ತಲನ್ನು ಮಾತ್ರ ಕೇಳಿಸಿದ್ದಾರೆ. ಪಡಸಾಲಿಯಲ್ಲಿ ಕುಳಿತ ಹೆಂಗಸರಿಗೆ ಒಳಗೆ ಏನಾಗುತ್ತಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಒಬ್ಬಳು ಎದ್ದು ಹೊರಗೆ ಹೋದಳು. "ಜೀಂವ ಕಸಿವಿಸಿ ಆಗಾಕತ್ತೈತಿ ಯವ್ವಾ" ಎಂದದ್ದು ಕೇಳಿಸಿತು. ಬಾಗಿಲ ಹೊರಗೆ ಕಟ್ಟೆಯ ಮೇಲೆ ಕುಳಿತೇ ಉಳಿದ ಸಿನಿಮಾವನ್ನು ಅವಳು ಕಿವಿಯಲ್ಲಿ ನೋಡಿದಳು.

ಕೊನೆಯಲ್ಲಿ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ತಲೆ ಬೋಳಿಸಿಕೊಂಡು ಮರದ ಬುಡದಲ್ಲಿ ಒಬ್ಬಳೇ ಕುಳಿತಿರುತ್ತಾಳೆ. ಊರು ಬಿಟ್ಟು ಹೋಗುತ್ತಿರುವ ನಾಣಿ ಅವಳನ್ನು ನೋಡುತ್ತಾನೆ. ಆ ದಿನ ಸಂಜೆ ಅವ್ವ ರೊಟ್ಟಿ ಬಡಿಯಲು ಕುಳಿತವಳು ಎರಡು ರೊಟ್ಟಿ ಬಡಿದು ಕೈ ನಿಲ್ಲಿಸಿದಳು. "ಆ ಹುಡುಗೀನ್ನ ಗಿಡದ ಬುಡಕ ಬಿಟ್ಟ ಹೋದ್ರಲ್ಲೋ. ರಾತ್ರಿ ಆದ್ರ ಎಲ್ಲಿ ಹೋಗತಾಳ ಅಕಿ?" ನನಗೆ ಉತ್ತರ ಗೊತ್ತಿರಲಿಲ್ಲ. ಅವ್ವ ಒಂದು ತಾಸಿನ ಮೇಲೆ ಮತ್ತೆ ಅದನ್ನೇ ಕೇಳಿದಳು. ಆ ಚಿತ್ರದ ಬಗ್ಗೆ ದೊಡ್ಡ ದೊಡ್ಡ ವಿಮರ್ಶಕರು ಬರೆದದ್ದನ್ನು ಆಮೇಲೆ ಓದಿದ್ದೇನೆ. ಅವ್ವನ ಪ್ರಶ್ನೆಯಷ್ಟು ನೇರವಾಗಿ ಯಾವುದೂ ಚಿತ್ರದ ನಡುವಿಗೆ ಹೋಗಿ ನಿಲ್ಲಲಿಲ್ಲ. ಪಿಕ್ಚರ್ ಮುಗಿದ ಮೇಲೂ ಅವಳಿಗೆ ಆ ಹೆಣ್ಣುಮಗಳು ಅಲ್ಲೇ ಕುಳಿತಿದ್ದಳು, ಕತ್ತಲಾಗುತ್ತಿತ್ತು.

ರೊಟ್ಟಿ ಬಡಿಯುವ ಸಪ್ಪಳದ ಮಾತು ಬಂತು. ನಮ್ಮ ಕಡೆ ಮುಂಜಾನೆ ಎಚ್ಚರವಾಗುವುದು ಅದರಿಂದಲೇ. ಎಡಬಲದ ನಾಲ್ಕು ಮನೆಯಿಂದ ತಟ್ ತಟ್ ತಟ್ ಎಂದು ಬರುತ್ತಿದ್ದರೆ ಊರು ನೆಟ್ಟಗಿದೆ ಎಂದು ಅರ್ಥ. ಯಾರದಾದರೂ ಮನೆಯಲ್ಲಿ ಸಾವಾದರೆ ಆ ಮನೆಯ ಒಲಿ ಹತ್ತುವುದಿಲ್ಲ. ಹೆಣ ಎತ್ತುವತನಕ ಅಕ್ಕಪಕ್ಕದವರೂ ಹಚ್ಚುವುದಿಲ್ಲ. ಮಕ್ಕಳಾಗಿದ್ದಾಗ ಎಷ್ಟೋ ಸಲ ನಮಗೆ ಸಾವಿನ ಸುದ್ದಿ ತಿಳಿದದ್ದು ಅಳುವಿನಿಂದ ಅಲ್ಲ, ಆ ಸಪ್ಪಳ ಇಲ್ಲದ್ದರಿಂದ. ಹಾಸಿಗೆಯಲ್ಲಿ ಮಲಗಿ ಏನೋ ತಪ್ಪಿದೆ, ಏನೋ ತಪ್ಪಿದೆ ಎಂದು ಹೊಟ್ಟೆಯಲ್ಲಿ ಸಂಕಟ. ಏನು ಎಂದು ತಿಳಿಯುವ ಮೊದಲೇ ಮೈಗೆ ತಿಳಿದಿರುತ್ತಿತ್ತು.

ಬೆಲ್ಜಿಯಂನ ಶಾಂತಾಲ್ ಅಕೆರ್ಮಾನ್ ಎಂಬ ನಿರ್ದೇಶಕಿ ಇಪ್ಪತ್ತೈದರ ಹರೆಯದಲ್ಲಿ ಮಾಡಿದ 'ಝಾನ್ ಡೀಲ್‌ಮಾನ್' ಎಂಬ ಚಿತ್ರ ಪೂರ್ತಿ ಈ ಸಂಕಟದ ಮೇಲೆ ನಿಂತಿದೆ. 1975ರದು, 201 ನಿಮಿಷ. ಒಬ್ಬ ವಿಧವೆಯ ಮೂರು ದಿನ. ಅವಳು ಅಡುಗೆ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಬಟಾಟಿ ಸಿಪ್ಪೆ ತೆಗೆಯುತ್ತಾಳೆ, ದೀಪ ಆರಿಸಿ ಇನ್ನೊಂದು ಕೋಣೆಗೆ ಹೋಗುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಹಿನ್ನೆಲೆ ಸಂಗೀತ ಇಲ್ಲ. ಮೊದಲ ದಿನ ನೋಡಿ ನೋಡಿ ಅವಳ ಕೈಯ ಲಯ ನಮ್ಮ ಕೈಗೂ ಬರುತ್ತದೆ. ಎರಡನೆಯ ದಿನ ಬಟಾಟಿ ಬೇಯಿಸಿದ್ದು ಹೆಚ್ಚಾಗುತ್ತದೆ. ಅಷ್ಟೇ. ಅಷ್ಟಕ್ಕೇ ನೋಡುವವನ ಎದೆ ಧಸಕ್ಕೆನ್ನುತ್ತದೆ. ಮುಂದೆ ಆಗುವುದನ್ನು ನಾನು ಹೇಳುವುದಿಲ್ಲ, ನೋಡದವರು ನೋಡಬೇಕು. 2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ವಿಮರ್ಶಕರ ಮತ ಕೇಳಿದಾಗ ಈ ಚಿತ್ರ ಮೊದಲನೆಯ ಸ್ಥಾನಕ್ಕೆ ಬಂತು. ಇದನ್ನು ಬೇಸರದ ಚಿತ್ರ ಎನ್ನುವವರಿದ್ದಾರೆ. ಅಡುಗೆಮನೆಯ ಸಪ್ಪಳ ಕೇಳಿ ಬೆಳೆದ ನಮ್ಮ ಹೆಣ್ಣುಮಕ್ಕಳು ಹಾಗೆ ಅನ್ನಲಾರರು ಎಂದು ನನ್ನ ನಂಬಿಕೆ.

ಮತ್ತೆ ಚರ್ಮವಾದ್ಯಕ್ಕೆ ಬರೋಣ. ಹಲಗಿಯ ಬಡಿತದಲ್ಲಿ ನಮ್ಮ ಊರಿನವರು ಸುದ್ದಿ ಓದುತ್ತಾರೆ. ಡಂಗುರಕ್ಕೆ ಒಂದು ಬಡಿತ, ಮದುವೆಯ ಮೆರವಣಿಗೆಗೆ ಇನ್ನೊಂದು, ಹೆಣದ ಮುಂದಿನದು ಮತ್ತೊಂದು. ಹೊಲದಲ್ಲಿ ಕಸ ತೆಗೆಯುತ್ತಿದ್ದವರು ದೂರದಿಂದ ಕೇಳಿ "ಯಾರೋ ಹೋದ್ರು" ಎಂದು ತಲೆ ಎತ್ತುತ್ತಾರೆ. ಬಡಿಯುವವರು ಯಾರು, ಅವರನ್ನು ಊರು ಎಲ್ಲಿ ಇಟ್ಟಿದೆ ಎಂಬುದು ಆ ಸಪ್ಪಳದೊಳಗೇ ಇರುತ್ತದೆ. ಕೇಳುವವರು ಅದನ್ನು ಬಿಟ್ಟು ಕೇಳಲು ಕಲಿತಿರುತ್ತಾರೆ. ಕಾರಂತರ 'ಚೋಮನ ದುಡಿ' ಹಾಗೆ ಬಿಟ್ಟು ಕೇಳಲು ಕೊಡುವುದಿಲ್ಲ.

ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ 1975ರ ಚಿತ್ರ. ಅದಕ್ಕೂ ಸ್ವರ್ಣಕಮಲ, ಚೋಮನಾಗಿದ್ದ ಎಂ.ವಿ. ವಾಸುದೇವರಾವ್ ಅವರಿಗೆ ಆ ವರ್ಷದ ಶ್ರೇಷ್ಠ ನಟ ಪ್ರಶಸ್ತಿ. ತುಂಡು ಭೂಮಿ ಉಳುವ ಆಸೆ ಇಟ್ಟುಕೊಂಡ ದಲಿತ ಮುದುಕ ಚೋಮನಿಗೆ ಸಿಟ್ಟು ಬಂದರೆ ದುಡಿ, ದುಃಖ ಬಂದರೆ ದುಡಿ, ಕುಡಿದಾಗ ದುಡಿ. ಅವನ ಬಾಯಿ ಆಡಲಾರದ್ದನ್ನು ಅದು ಆಡುತ್ತದೆ. ಮೊದಮೊದಲು ಆ ಸಪ್ಪಳ ನಮಗೆ ಹಿತವಾಗಿರುತ್ತದೆ, ಕಾಲು ತಾಳ ಹಾಕುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋದ ಹಾಗೆಲ್ಲ ಅದೇ ಬಡಿತ ಕೇಳಲಾಗದಂತಾಗುತ್ತದೆ. ಕೊನೆಗೆ ಗುಡಿಸಲಿನ ಕತ್ತಲಲ್ಲಿ ಚೋಮ ಸಾಯುವತನಕ ಬಡಿಯುತ್ತಾನೆ. ಗುಬ್ಬಿ ಕಂಪನಿಯಲ್ಲಿ ಬೆಳೆದು, ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಕಲಿತು ಬಂದ ಕಾರಂತರಿಗೆ ಬೇಕಾದಷ್ಟು ರಾಗ ಗೊತ್ತಿತ್ತು. ಆದರೂ ಆ ಸಾವಿಗೆ ಒಂದು ದುಡಿ ಸಾಕು ಎಂದು ತಿಳಿದದ್ದು ಅವರ ದೊಡ್ಡತನ. ದುಡಿ ನಿಂತ ಮೇಲಿನ ಮೌನವನ್ನು ಹೆಣದ ಹಲಗಿ ಕೇಳಿ ಬೆಳೆದ ನನ್ನಂಥವರು ಹಗುರವಾಗಿ ದಾಟಿ ಬರಲಾರರು.

ಇಂಥ ಚಿತ್ರಗಳಿಗೆ ಕನ್ನಡದಲ್ಲಿ ದಾರಿ ತೆರೆದದ್ದು 1970ರ 'ಸಂಸ್ಕಾರ'. ಪಟ್ಟಾಭಿರಾಮ ರೆಡ್ಡಿ ನಿರ್ದೇಶಕರು. ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ನಮ್ಮ ರಾಯಚೂರಿನ ನಂಟಿನ ಸರೋದ್ ವಾದಕ ರಾಜೀವ ತಾರಾನಾಥರದು. ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ಆಮೇಲೆ ತಡೆ ತೆರವಾಯಿತು, ಆ ವರ್ಷದ ದೇಶದ ಶ್ರೇಷ್ಠ ಚಿತ್ರವೆಂಬ ಪದಕವೂ ಬಂತು. ಇಡೀ ಕಥೆ ಒಂದು ಹೆಣದ ಸುತ್ತ. ಯಾರು ಮಣ್ಣು ಮಾಡಬೇಕು ಎಂಬುದು ತೀರ್ಮಾನವಾಗದೆ ಅದು ಅಗ್ರಹಾರದ ನಡುವೆ ಕೊಳೆಯುತ್ತದೆ. ಹೆಣ ತೋರಿಸಿ ಹೆದರಿಸಿದ್ದರೆ ಅದು ಬೇರೆ ಮಾತಾಗುತ್ತಿತ್ತು. ಇಲ್ಲಿ ನಾವು ನೋಡುವುದು ಬದುಕಿದವರ ಮುಖ. ಹಸಿವು, ಹೇಸಿಗೆ, ಆಸೆ ಎಲ್ಲ ಒಟ್ಟಿಗೇ ಆಡುವ ಮುಖ. ಅನಂತಮೂರ್ತಿಯವರ ಕಾದಂಬರಿಯಲ್ಲಿ ಮನೆಯ ಮೇಲೆ ಕುಳಿತ ಹದ್ದುಗಳನ್ನು ಓಡಿಸಲು ಜಾಗಟೆ ಬಡಿಯುತ್ತಾರೆ, ಶಂಖ ಊದುತ್ತಾರೆ. ದೇವರನ್ನು ಕರೆಯುವ ಸದ್ದೇ ಹದ್ದನ್ನು ಓಡಿಸುವ ಸದ್ದಾಗುತ್ತದೆ. ಅದನ್ನು ಓದಿದ ಮೇಲೆ ಮಂಗಳಾರತಿಯ ಜಾಗಟೆ ಎಷ್ಟೋ ದಿನ ನನ್ನ ಕಿವಿಯಲ್ಲಿ ಬೇರೆಯಾಗಿ ಕೇಳಿಸಿತು. ಸ್ನೇಹಲತಾ ಅವರನ್ನು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿಗೆ ಹಾಕಿದ್ದರು. ಅಸ್ತಮಾದಿಂದ ಜರ್ಜರಿತರಾಗಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಚಂದ್ರಿಯ ಮುಖ ನೋಡುವಾಗ ಇದನ್ನು ಮರೆತು ನೋಡಲು ನನಗೆ ಆಗುವುದಿಲ್ಲ.

ಕಲಕುವ ಚಿತ್ರ ಎಂದೊಡನೆ ಓದಿದವರು ಬುನ್ಯುಯೆಲ್ ಹೆಸರು ಹೇಳುತ್ತಾರೆ. 1929ರಲ್ಲಿ ಸಾಲ್ವಡಾರ್ ಡಾಲಿಯ ಜೊತೆ ಸೇರಿ ಅವನು ಮಾಡಿದ ಒಂದು ಸಣ್ಣ ಚಿತ್ರದ ಆರಂಭದಲ್ಲಿ ಹೆಣ್ಣೊಬ್ಬಳ ಕಣ್ಣನ್ನು ಕ್ಷೌರದ ಕತ್ತಿ ಸೀಳುತ್ತದೆ. ಕೊಯ್ದದ್ದು ಸತ್ತ ಕರುವಿನ ಕಣ್ಣು. ಮೊದಲ ಪ್ರದರ್ಶನದ ದಿನ ಬುನ್ಯುಯೆಲ್ ಪರದೆಯ ಹಿಂದೆ ನಿಂತು ಗ್ರಾಮಫೋನಿನಲ್ಲಿ ಟ್ಯಾಂಗೊ ಕುಣಿತದ ಸಂಗೀತ ಹಾಕುತ್ತಿದ್ದನಂತೆ. ಜನ ಮೇಲೆ ಬಿದ್ದರೆ ಎಸೆಯಲು ಕಿಸೆಯಲ್ಲಿ ಕಲ್ಲು ತುಂಬಿಕೊಂಡಿದ್ದೆ ಎಂದು ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಸಂಬಂಧವೇ ಇಲ್ಲದ ಎರಡನ್ನು ಪಕ್ಕಪಕ್ಕ ಇಟ್ಟು ಬುದ್ಧಿಯನ್ನು ದಿಕ್ಕೆಡಿಸುವುದು ಅವರ ಕಸುಬು. ಯುರೋಪಿಗೆ ಅದು ಹೊಸದಾಗಿದ್ದಿರಬಹುದು. ಅಲ್ಲಮನ ಬೆಡಗಿನ ವಚನ ಕೇಳಿ ಬೆಳೆದ ನೆಲ ನಮ್ಮದು. ಬಸವನ ಬಾಗೇವಾಡಿ ಇಲ್ಲೇ ಇದೆ. ವಚನಗಳ ಸಂಶೋಧನೆಗೆ ಬಾಳನ್ನೇ ಸವೆಸಿದ ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ಸಿಂದಗಿ ತಾಲೂಕಿನಲ್ಲಿ, 1938ರಲ್ಲಿ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರಿಗೆ ಗುಂಡಿಕ್ಕಿದರು. ಬೆಡಗಿನ ವಚನ ಕೇಳಿದವನು ಗಲಿಬಿಲಿಯಾಗಬೇಕು, ಆ ಗಲಿಬಿಲಿಯಲ್ಲಿ ತನ್ನ ಹಳೆಯ ತಿಳಿವಳಿಕೆಯನ್ನು ಕೈಬಿಡಬೇಕು. ಬುನ್ಯುಯೆಲ್ಲನ ಕತ್ತಿ ನನ್ನನ್ನು ಬೆಚ್ಚಿಬೀಳಿಸಿತು, ಆದರೆ ಅಲ್ಲಮನಷ್ಟು ದಿನ ಕಾಡಲಿಲ್ಲ.

ಬೆಚ್ಚಿಬೀಳಿಸುವುದಕ್ಕೂ ಕಾಡುವುದಕ್ಕೂ ನಾನು ಅಂತರ ಮಾಡುತ್ತೇನೆ. ಫ್ರಾನ್ಸಿನ ಗಾಸ್ಪಾರ್ ನೊಯೆ 2002ರಲ್ಲಿ 'ಇರ್ರಿವರ್ಸಿಬಲ್' ಮಾಡಿದಾಗ ಮೊದಲ ಅರ್ಧ ತಾಸು 30 ಹರ್ಟ್ಸ್‌ಗಿಂತ ಕೆಳಗಿನ ಒಂದು ಗುಂಯ್‌ಗುಡುವಿಕೆಯನ್ನು ಅಡಿಯಲ್ಲಿ ಓಡಿಸಿದ. ಮನುಷ್ಯನ ಕಿವಿ ಹಿಡಿಯುವ ಕೆಳಗಿನ ಗೆರೆ ಸುಮಾರು 20 ಹರ್ಟ್ಸ್. ಅದರ ಹತ್ತಿರದ ಸದ್ದು ಕಿವಿಗಿಂತ ಹೆಚ್ಚಾಗಿ ಎದೆಗೂಡಿಗೆ, ಹೊಟ್ಟೆಗೆ ತಿಳಿಯುತ್ತದೆ. ಜಾತ್ರೆಯಲ್ಲಿ ಡೊಳ್ಳಿನ ಮೇಳದ ನಡುವೆ ನಿಂತವರಿಗೆ ಇದು ಹೊಸದಲ್ಲ; ಹತ್ತು ಡೊಳ್ಳು ಒಟ್ಟಿಗೆ ಬಿದ್ದರೆ ಪಕ್ಕೆಲುಬೇ ನಡುಗುತ್ತದೆ. ಕಾನ್ ಚಿತ್ರೋತ್ಸವದಲ್ಲಿ ಎಷ್ಟೋ ಜನ ಎದ್ದು ಹೋದರು. ಆ ಚಿತ್ರದಲ್ಲಿ ಹೆಣ್ಣಿನ ಮೇಲೆ ನಡೆಯುವ ಹಿಂಸೆಯನ್ನು ಕ್ಯಾಮೆರಾ ಬಹಳ ಹೊತ್ತು ನೋಡುತ್ತ ಕೂರುತ್ತದೆ. ಅದನ್ನು ಧೈರ್ಯ ಎಂದು ಹೊಗಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಡೊಳ್ಳು ಬಡಿಯುವವನು ನನ್ನ ಕಣ್ಣೆದುರೇ ಬಡಿಯುತ್ತಾನೆ. ನೋಡುವವನಿಗೆ ತಿಳಿಯದಂತೆ ಅವನ ಹೊಟ್ಟೆ ತೊಳಸುವುದು ದೇಹದ ಮೇಲಿನ ಕೈವಾಡ. ಅಲ್ಲಿಂದ ಎದ್ದು ಬಂದವನು ತನ್ನ ಸಂಕಟ ನೆನೆಯುತ್ತಾನೆ, ಆ ಹೆಣ್ಣಿನ ಸಂಕಟವನ್ನಲ್ಲ. 'ಘಟಶ್ರಾದ್ಧ' ನೋಡಿದ ಅವ್ವ ನೆನೆದದ್ದು ಯಮುನಕ್ಕನನ್ನು.

ಮೊಹರಮ್ಮಿನಲ್ಲಿ ನಮ್ಮ ಹಳ್ಳಿಗಳಲ್ಲಿ ಹಾಡುವ ರಿವಾಯತ್ ಪದಗಳನ್ನು ಕೇಳಿದವರಿಗೆ ಈ ಅಂತರ ಬಿಡಿಸಿ ಹೇಳಬೇಕಿಲ್ಲ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ, ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಸೇರಿ ಹಾಡುತ್ತಾರೆ. ಕರ್ಬಲಾದಲ್ಲಿ ನೀರಿಲ್ಲದೆ ಬಾಯಾರಿದ ಮಕ್ಕಳ ಕಥೆ ಬಂದಾಗ ಬರಗಾಲದ ಈ ಸೀಮೆಯ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಅಲ್ಲಿ ಕಾಣುವುದು ಬೆಂಕಿಯ ಬೆಳಕು ಮತ್ತು ಕಾಲ ಧೂಳು, ಕೇಳುವುದು ಹಲಗಿ ಮತ್ತು ಗುಂಪಿನ ದನಿ. ಸಾವಿರದ ಮುನ್ನೂರು ವರ್ಷಗಳಿಗಿಂತ ಹಿಂದಿನ ಒಂದು ದಾಹ ಭೀಮಾ ತೀರದ ಹಳ್ಳಿಯಲ್ಲಿ ಗಂಟಲು ಒಣಗಿಸುತ್ತದೆ. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯಲ್ಲಿ ಖಾಜಾಭಾಯಿ ಲಾವಣಿ ಕಟ್ಟಿದ್ದು, ಮಧುರಚೆನ್ನರು ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಗರತಿಯ ಹಾಡು ಕೂಡಿಸಿದ್ದು ಇಂಥ ಕಿವಿಗಳ ನಡುವೆಯೇ.

ಕಾಣದ ದನಿಯ ಮಾತಿಗೆ ಕಾರ್ನಾಡರ 'ಕಾಡು' ಚಿತ್ರದ ಹಕ್ಕಿ ನೆನಪಾಗುತ್ತಿದೆ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, 1973ರ ಚಿತ್ರ. ಕಾಡಿನಲ್ಲಿ ಒಂದು ಹಕ್ಕಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ನಂಬಿಕೆ. ದೊಡ್ಡವರ ಜಗಳ, ಕೊಲೆ, ಹಾದರ ಎಲ್ಲವನ್ನೂ ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ ನೋಡುತ್ತೇವೆ. ನಮ್ಮಲ್ಲೂ ನಸುಕಿನಲ್ಲಿ ಬುಡಬುಡಕಿಯವನು ಬಂದು ಹಾಲಕ್ಕಿ ನುಡಿಯಿತು ಎಂದು ಮನೆಮನೆಯ ಮುಂದೆ ಹೇಳಿ ಹೋಗುತ್ತಿದ್ದ. ಬೆಳಕಾದ ಮೇಲೆ ಅವನೇ ಜೋಳ ಕೇಳಲು ಬಂದರೆ ಅವನು ನಮ್ಮ ಹಾಗೆ ಒಬ್ಬ ಮನುಷ್ಯ. ಕತ್ತಲಲ್ಲಿ ಬರೀ ದನಿಯಾಗಿದ್ದಾಗ ಅವನಿಗೆ ಮುಂದಿನದೆಲ್ಲ ಗೊತ್ತಿದೆ ಎನ್ನಿಸುತ್ತಿತ್ತು.

ಗಾಳಿಯ ಬಗ್ಗೆ ಒಂದು ಮಾತು ಹೇಳದೆ ಮುಗಿಸಲಾರೆ. ಹಂಗೇರಿಯ ಬೇಲಾ ತಾರ್ 2011ರಲ್ಲಿ 'ಟ್ಯೂರಿನ್ ಹಾರ್ಸ್' ಎಂಬ ಚಿತ್ರ ಮಾಡಿದರು. ಸುಮಾರು ಎರಡೂವರೆ ತಾಸು, ಅದರಲ್ಲಿ ಶಾಟುಗಳು ಮೂವತ್ತರಷ್ಟು ಮಾತ್ರ. ಬಯಲಿನ ಒಂದು ಮನೆ, ಅಪ್ಪ, ಮಗಳು, ಗಾಡಿ ಎಳೆಯಲು ಒಲ್ಲೆನೆಂದು ನಿಂತ ಕುದುರೆ. ಹೊರಗೆ ಗಾಳಿ, ನಿಲ್ಲದ ಗಾಳಿ. ಆರು ದಿನ. ದಿನಾ ಒಂದೊಂದು ಬೆಂದ ಬಟಾಟಿ. ಬಾವಿ ಬತ್ತುತ್ತದೆ, ದೀಪ ಹತ್ತುವುದಿಲ್ಲ. ಆಷಾಢದಲ್ಲಿ ಮಳೆ ತಾರದ ಗಾಳಿ ನಮ್ಮ ಎರಿ ಹೊಲಗಳ ಮೇಲೆ ಹಗಲು ರಾತ್ರಿ ಬೀಸುವುದನ್ನು ಕೇಳಿದವರಿಗೆ ಆ ಚಿತ್ರ ಹಂಗೇರಿಯದು ಎಂದು ನೆನಪಿರುವುದಿಲ್ಲ. ಬಿತ್ತಿದ ಬೀಜ ಮಣ್ಣಿನಲ್ಲಿದೆ, ಮೋಡ ಓಡುತ್ತಿದೆ, ಬಾಗಿಲ ಚಿಲಕ ಕಟಕಟ ಎನ್ನುತ್ತಿದೆ, ಅಪ್ಪ ಮಾತಾಡುತ್ತಿಲ್ಲ. ನಮ್ಮ ಈ ಗಾಳಿಯನ್ನು ಹೀಗೆ ಕೇಳಿಸಿದ ಕನ್ನಡ ಚಿತ್ರವನ್ನು ನಾನು ಇನ್ನೂ ನೋಡಬೇಕು. ಸಮೀಪ ಬಂದದ್ದು ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ'. ಕೊಪ್ಪಳ ಜಿಲ್ಲೆಯ ಹಳ್ಳಿ, ಶಾಲೆಯ ಬಿಸಿಯೂಟದ ಅಡುಗೆಯವಳು, ನಮ್ಮದೇ ಮಾತು. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಶಿವಮ್ಮನಾಗಿ ನಟಿಸಿದ ಶರಣಮ್ಮ ಚೆಟ್ಟಿಯವರ ನಡಿಗೆ, ಉಸಿರು, ಬೈಗುಳ ಕೇಳುತ್ತಿದ್ದರೆ ಇಷ್ಟು ವರ್ಷ ನಮ್ಮ ಕಿವಿಗೆ ಪರದೆಯಿಂದ ಏನು ಸಿಕ್ಕಿರಲಿಲ್ಲ ಎಂದು ತಿಳಿಯುತ್ತದೆ.

ಈಗ ಎಲ್ಲವೂ ಫೋನಿನಲ್ಲಿ ಸಿಗುತ್ತದೆ, ನೋಡಿದರಾಯಿತು ಎನ್ನುತ್ತಾರೆ. ಅಂಗೈಯಗಲದ ಫೋನಿನ ಸ್ಪೀಕರು ಕೆಳಗಿನ ಸ್ವರಗಳನ್ನು ಹೊರಡಿಸಲಾರದು. ಚೋಮನ ದುಡಿ ಅದರಲ್ಲಿ ತಗಡು ಬಡಿದ ಹಾಗೆ ಕೇಳುತ್ತದೆ. 'ಘಟಶ್ರಾದ್ಧ'ದ ರಾತ್ರಿ ಬಿಸಿಲು ಬಿದ್ದ ಗಾಜಿನ ಮೇಲೆ ಬರೀ ಕಪ್ಪು. ಆ ಚಿತ್ರದ ಹಳೆಯ ಪ್ರತಿಯನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ಸಿನಲ್ಲಿ ತೋರಿಸಿದರು. ಯಮುನಕ್ಕನನ್ನು ಇಟಲಿಯವರು ದೊಡ್ಡ ಪರದೆಯ ಮೇಲೆ ನೋಡಿದ್ದಾರೆ. ನಮ್ಮ ನಾಲ್ಕು ತಾಲೂಕಿನ ಹುಡುಗರು ನೋಡಿಲ್ಲ.

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಕಾಲೇಜಿನ ಗುರುಗಳಿಗೆ, ಸಾಹಿತ್ಯದ ಕೆಲಸ ಮಾಡುವ ಗೆಳೆಯರಿಗೆ ನನ್ನದೊಂದು ಕೇಳಿಕೆ. ವರ್ಷಕ್ಕೆ ನಾಲ್ಕು ಸಂಜೆ ಸಾಕು. ಪರವಾನಗಿ ಕೇಳಿ ಪಡೆಯಿರಿ, ಕಿಟಕಿಗೆ ಜಮಖಾನಿ ಕಟ್ಟಿ ಕತ್ತಲು ಮಾಡಿರಿ. ಹುಡುಗರ ಜೊತೆ ಅವರ ಅವ್ವಂದಿರನ್ನೂ ಕರೆಯಿರಿ, ಪಿಕ್ಚರ್ ಮುಗಿದ ಮೇಲೆ ಮೊದಲು ಅವರನ್ನು ಮಾತಾಡಿಸಿರಿ. ಪ್ರೊಜೆಕ್ಟರ್ ಈಗ ಎಷ್ಟೋ ಕಾಲೇಜಿನಲ್ಲಿದೆ, ಸುಣ್ಣ ಬಳಿದ ಗೋಡೆ ಎಲ್ಲ ಕಡೆ ಇದೆ. ಎರಡು ಒಳ್ಳೆಯ ಸ್ಪೀಕರುಗಳನ್ನು ಮಾತ್ರ ಬಾಡಿಗೆಗೆ ತರಬೇಕು.